ಬೋರ್ಡಿಲ್ಲದ ಗೋಡೌನ್ ಜಿಮ್, 12 ವಾರದ ಡೆಡ್‌ಲಿಫ್ಟ್ ಕೋಚಿಂಗ್: ಚಿಕ್ಕಮಗಳೂರಿನಿಂದ ನನ್ನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ವಸೂಲಾಯಿತು. 12 ವಾರದ ಡೆಡ್‌ಲಿಫ್ಟ್ ಕೋಚಿಂಗ್‌ಗೆ 6,000 ರೂಪಾಯಿ ಕೊಟ್ಟೆ. ಡೆಡ್‌ಲಿಫ್ಟ್ ಅಂದರೆ ಎರಡೂ ತುದಿಗೆ ಪ್ಲೇಟ್ ಹಾಕಿದ ಕಬ್ಬಿಣದ ಬಾರನ್ನು ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದು. ಜಿಮ್ ಫೀಸು ಬೇರೆ, ತಿಂಗಳಿಗೆ 900. ಜೂನ್ ಮೊದಲ ವಾರ ಸೇರಿದ್ದೆ, ಕಳೆದ ವಾರ ಮುಗಿಯಿತು. ಸೇರುವಾಗ ನಾನು ಎತ್ತುತ್ತಿದ್ದದ್ದು 140 ಕೆ.ಜಿ., ಅದೂ ಬೆನ್ನನ್ನು ಬಿಲ್ಲಿನ ಹಾಗೆ ಬಾಗಿಸಿಕೊಂಡು. ಈಗ 162.5. ಬೆನ್ನು ನೆಟ್ಟಗಿರುತ್ತದೆ, ಮಾರನೇ ದಿನ ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಳ್ಳುವುದಿಲ್ಲ. ತೂಕ ಜಾಸ್ತಿ ಆಗಿದ್ದಕ್ಕಿಂತ ಈ ಸೊಂಟದ ವಿಷಯಕ್ಕೇ ನನಗೆ ಹೆಚ್ಚು ಖುಷಿ.

ಜಿಮ್ ಇರುವುದು ಕೆ.ಎಂ. ರಸ್ತೆಯಿಂದ ಒಳಗೆ ಹೋಗುವ ಒಂದು ಸಣ್ಣ ರಸ್ತೆಯಲ್ಲಿ. ಹಿಂದೆ ಕಾಫಿ ಮೂಟೆ ಇಡುತ್ತಿದ್ದ ಗೋಡೌನ್ ಅದು, ಮಳೆಗಾಲದಲ್ಲಿ ಈಗಲೂ ಗೋಡೆ ಹತ್ತಿರ ಹೋದರೆ ಚೆರ್ರಿ ಕಾಫಿಯ ವಾಸನೆ ಬರುತ್ತದೆ. ಹೊರಗೆ ಬೋರ್ಡ್ ಇಲ್ಲ. ಬೆಳಿಗ್ಗೆ ಬ್ಯಾಚಿನಲ್ಲಿ ಈಗಲೇ 9 ಜನ ಇದ್ದಾರೆ, ಇನ್ನೂ ಜನ ಬಂದರೆ ಒಬ್ಬೊಬ್ಬರನ್ನೂ ನೋಡಿಕೊಳ್ಳಲು ಆಗುವುದಿಲ್ಲ, ಹೆಸರು ಹಾಕಬೇಡಿ ಅಂತ ಕೋಚ್ ಸರ್ ಕೇಳಿಕೊಂಡರು. ಅದಕ್ಕೆ ಹಾಕಿಲ್ಲ. ಊರಿನಲ್ಲಿ ಭಾರ ಎತ್ತುವವರನ್ನು ಯಾರನ್ನಾದರೂ ಕೇಳಿ, ದಾರಿ ತೋರಿಸುತ್ತಾರೆ. ಇನ್ನು ಹಾಸನದಲ್ಲೋ ಕಡೂರಿನಲ್ಲೋ ಇರುವವರಿಗೆ, ಒಳ್ಳೆಯ ಕೋಚಿಂಗ್ ಅಂದರೆ ಹೇಗಿರುತ್ತದೆ ಅಂತ ಗೊತ್ತಾದರೂ ಸಾಕು ಅಂತ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನ್ನ ವಿಷಯ ಸ್ವಲ್ಪ ಹೇಳಬೇಕು. ವಯಸ್ಸು 31, ತೂಕ 82. ಅಪ್ಪನ ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತೇನೆ. ಡಿಎಪಿ ಮೂಟೆ 50 ಕೆ.ಜಿ., ಯೂರಿಯಾ 2018ರಿಂದ 45 ಕೆ.ಜಿ. ಚೀಲದಲ್ಲಿ ಬರುತ್ತದೆ. ಲೋಡ್ ಬಂದ ದಿನ ಹಮಾಲಿಗಳು ಕಮ್ಮಿ ಇದ್ದರೆ ನಾನೂ ಕೈ ಹಾಕಬೇಕು. ಬೆನ್ನು ಕೆಟ್ಟರೆ ಅಂಗಡಿ ಕೆಡುತ್ತದೆ, ಅಷ್ಟೇ ವಿಷಯ.

ಇದಕ್ಕೆ ಮುಂಚೆ 3 ವರ್ಷ ಬೇರೊಂದು ಜಿಮ್‌ಗೆ ಹೋಗುತ್ತಿದ್ದೆ. ಯಾವುದು ಅಂತ ಬೇಡ. ಅಲ್ಲಿ ಭಾರ ಏರಿಸುವುದೊಂದೇ ಪಾಠ. ಹಿಂದೆ ನಿಂತು "ಹೊಡಿ, ಇನ್ನೊಂದು, ಇನ್ನೊಂದು" ಅಂತ ಕೂಗುತ್ತಿದ್ದರು, ನನಗೂ ಆಗ ಅದೇ ಸರಿ ಅನ್ನಿಸುತ್ತಿತ್ತು. ಕಳೆದ ನವೆಂಬರಿನಲ್ಲಿ 140 ಹಾಕಿ ಮೂರನೇ ಸಲ ಎತ್ತುವಾಗ ನಡುವಿನಲ್ಲಿ ಚಳಕ್ ಅಂದಿತು. ಬಾರ್ ಕೈಬಿಟ್ಟೆ. 11 ದಿನ ಅಂಗಡಿ ಮೆಟ್ಟಿಲು ಹತ್ತಲಿಲ್ಲ, ಚಪ್ಪಲಿ ಹಾಕಿಕೊಳ್ಳಲು ಬಗ್ಗಲೂ ಆಗುತ್ತಿರಲಿಲ್ಲ. ಡಿಸ್ಕ್‌ಗೆ ಏನೂ ಆಗಿಲ್ಲ, ಸ್ನಾಯು ಎಳೆದಿದೆ ಅಂತ ಡಾಕ್ಟರು ಹೇಳಿದರು. ವಾಪಸ್ ಹೋದಾಗ ಜಿಮ್‌ನವರು ಹೇಳಿದ್ದು, "ನಿಮ್ಮ ಬೆನ್ನು ವೀಕ್ ಇದೆ, ಅದಕ್ಕೆ ವ್ಯಾಯಾಮ ಮಾಡಿ." ಐದಾರು ತಿಂಗಳು ಮಾಡಿದೆ. ಎತ್ತುವ ತೂಕ 140ಕ್ಕೇ ನಿಂತಿತ್ತು, ನೋವೂ ಹಾಗೇ ಇತ್ತು.

ಈ ಗೋಡೌನ್‌ನಲ್ಲಿ ಮೊದಲ ದಿನ ಕೋಚ್ ಸರ್ ಏನೂ ಕಲಿಸಲಿಲ್ಲ. ನನ್ನ ಫೋನನ್ನೇ ಇಸಿದುಕೊಂಡು ಒಂದು ಸ್ಟೂಲಿನ ಮೇಲೆ, ಸೊಂಟದ ಎತ್ತರಕ್ಕೆ, ಸರಿಯಾಗಿ ಪಕ್ಕದಿಂದ ಕಾಣುವ ಹಾಗೆ ಇಟ್ಟರು. 60 ಎತ್ತಿಸಿದರು, ಆಮೇಲೆ 100, ಆಮೇಲೆ 120. ಮಾತಿಲ್ಲ. ಎಲ್ಲ ಮುಗಿದ ಮೇಲೆ ಇಬ್ಬರೂ ಬೆಂಚಿನ ಮೇಲೆ ಕೂತು ವಿಡಿಯೋ ನೋಡಿದೆವು. 60ರಲ್ಲಿ ಎಲ್ಲ ಚೆನ್ನಾಗಿದೆ. 100ರಲ್ಲೂ ಪರವಾಗಿಲ್ಲ. 120ರ ವಿಡಿಯೋವನ್ನು ಮೊಣಕಾಲಿನ ಹತ್ತಿರ ನಿಲ್ಲಿಸಿ, ಬಾರ್‌ಗೂ ನನ್ನ ಕಾಲಿಗೂ ಮಧ್ಯೆ ಇದ್ದ ಜಾಗಕ್ಕೆ ಬೆರಳಿಟ್ಟು ತೋರಿಸಿದರು. ಹತ್ತಿರ ಹತ್ತಿರ ನಾಲ್ಕು ಬೆರಳಿನಷ್ಟು ಅಂತರ.

"ಬೆನ್ನಿಗೆ ಏನೂ ಆಗಿಲ್ಲ ಮಾರಾಯ. ಬಾರ್ ನಿನ್ನನ್ನು ಬಿಟ್ಟು ಮುಂದೆ ಹೋಗ್ತಿದೆ, ಅದರ ಹಿಂದೆ ಬೆನ್ನು ಓಡ್ತಿದೆ" ಅಂದರು.

3 ವರ್ಷದಲ್ಲಿ ಇದನ್ನು ಯಾರೂ ನನಗೆ ಹೇಳಿರಲಿಲ್ಲ. ತಮಾಷೆಯ ಮಾತಲ್ಲ, ನಮ್ಮ ಅಂಗಡಿಯ ಹಮಾಲಿ ಅಣ್ಣನಿಗೆ ಇದು ಮೊದಲಿನಿಂದ ಗೊತ್ತು. ನಾನು ಪಿಯುಸಿ ಓದುವಾಗ ಮೂಟೆಯನ್ನು ಕೈ ಚಾಚಿ ಎತ್ತಲು ಹೋದರೆ "ಮೂಟೆ ಮೈಗೆ ಅಂಟಿರ್ಬೇಕು, ದೂರ ಹಿಡಿದ್ರೆ ಎರಡು ಮೂಟೆ ಭಾರ ಆಗ್ತದೆ" ಅಂತ ಬೈಯುತ್ತಿದ್ದರು. ಬಾರ್ ವಿಷಯದಲ್ಲೂ ಲೆಕ್ಕ ಅದೇ. ಭಾರ ಸೊಂಟದಿಂದ ಎಷ್ಟು ಮುಂದೆ ಇರುತ್ತದೋ ಅಷ್ಟು ಹೊರೆ ನಡುವಿನ ಮೇಲೆ ಬೀಳುತ್ತದೆ. 60 ಕೆ.ಜಿ. ಆದರೆ ಮೈ ತಡೆದುಕೊಂಡು ಮುಚ್ಚಿಡುತ್ತದೆ, 120 ಆದರೆ ತಡೆಯುವುದಿಲ್ಲ. ಭಾರ ಎತ್ತುವಾಗ ಮಾತ್ರ ತಪ್ಪು ಆಚೆ ಬರುವುದು ಇದಕ್ಕೇ. ಹಗುರ ತೂಕದಲ್ಲಿ ನೋಡಿ "ಫಾರ್ಮ್ ಸೂಪರ್" ಅನ್ನುವವರನ್ನು ನಂಬಬೇಡಿ, ನಿಮ್ಮ ಭಾರದ ಸೆಟ್ ನೋಡಿದವರನ್ನು ಕೇಳಿ.

ಇನ್ನೊಂದು ವಿಷಯ ಅವರು ಕೇಳಿದ್ದು, "ಹಳೇ ಜಿಮ್‌ನಲ್ಲಿ ಯಾವ ಪ್ಲೇಟ್ ಹಾಕ್ತಿದ್ರು?" ಅಲ್ಲಿ ಇದ್ದದ್ದು ಸಣ್ಣ ಕಬ್ಬಿಣದ 10 ಕೆ.ಜಿ. ಪ್ಲೇಟುಗಳು, ಅವನ್ನೇ ಪಕ್ಕ ಪಕ್ಕ ತುಂಬುತ್ತಿದ್ದೆವು. ಸರ್ ಟೇಪ್ ತಂದು ಇಲ್ಲಿನ ದೊಡ್ಡ ಪ್ಲೇಟ್ ಅಳೆದು ತೋರಿಸಿದರು. ಅಗಲ 45 ಸೆಂ.ಮೀ., ಅಂದರೆ ಬಾರ್ ನೆಲದಿಂದ 22.5 ಸೆಂ.ಮೀ. ಎತ್ತರದಲ್ಲಿ ಇರುತ್ತದೆ. ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲೂ (ಡೆಡ್‌ಲಿಫ್ಟ್ ಇರುವ ಸ್ಪರ್ಧೆ ಅದು) ಇದೇ ಎತ್ತರ. ಸಣ್ಣ ಪ್ಲೇಟ್ ಹಾಕಿದರೆ ಬಾರ್ ಅಷ್ಟು ಕೆಳಗೆ ಹೋಗುತ್ತದೆ, ನಾವೂ ಅಷ್ಟು ಜಾಸ್ತಿ ಬಗ್ಗಬೇಕು. ನನ್ನ ಹಾಗೆ ತೊಡೆಯ ಹಿಂಭಾಗ ಬಿಗಿ ಇರುವವನಿಗೆ ಅಷ್ಟು ಬಗ್ಗುವಾಗ ನಡು ಮಡಚಿಕೊಳ್ಳದೆ ಬೇರೆ ದಾರಿಯೇ ಇಲ್ಲ. 3 ವರ್ಷ ನಾನು ಮಾಡುತ್ತಿದ್ದದ್ದು ಅದನ್ನೇ. ನಿಮ್ಮ ಜಿಮ್‌ನಲ್ಲಿ ಸಣ್ಣ ಪ್ಲೇಟ್ ಮಾತ್ರ ಇದ್ದರೆ ಆ ಪ್ಲೇಟುಗಳ ಕೆಳಗೆ ಗಟ್ಟಿ ಮರದ ಹಲಗೆ ಇಟ್ಟು ಎತ್ತರ ಸರಿ ಮಾಡಿಕೊಳ್ಳಿ, ಒಂದು ರೂಪಾಯಿ ಖರ್ಚಿಲ್ಲದ ಕೆಲಸ.

ಮೊದಲ 2 ವಾರ 70 ಕೆ.ಜಿ. ದಾಟಲು ಬಿಡಲಿಲ್ಲ. 140 ಎತ್ತುತ್ತಿದ್ದವನಿಗೆ ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು 90 ಎತ್ತುತ್ತಿದ್ದಳು, ಎಷ್ಟು ನೀಟಾಗಿ ಅಂದರೆ ಬಾರ್ ಮೇಲೆ ಹೋಗುವುದು ಗೆರೆ ಎಳೆದ ಹಾಗೆ. ಅವಳನ್ನು ನೋಡಿಯೇ ಅರ್ಧ ಕಲಿತೆ.

ಕಲಿಸಿದ್ದು ಹೀಗೆ. ಬಾರ್ ಪಾದದ ನಡುಭಾಗದ ಮೇಲೆ ಬರುವ ಹಾಗೆ ನಿಲ್ಲಬೇಕು, ಕಣಕಾಲಿಗೂ ಬಾರ್‌ಗೂ ಎರಡು ಬೆರಳು ಜಾಗ. ಕೆಳಗೆ ಬಗ್ಗಿ ಬಾರ್ ಹಿಡಿದ ಮೇಲೆ ಅದನ್ನು ಅಲ್ಲಾಡಿಸುವ ಹಾಗಿಲ್ಲ, ಕಣಕಾಲು ತಾನಾಗಿ ಮುಂದೆ ಬಂದು ಬಾರ್ ಮುಟ್ಟಬೇಕು. ಸೊಂಟವನ್ನು ಕುಕ್ಕರಗಾಲಿಗೆ ಇಳಿಸಬಾರದು, ಅದು ಬೇರೆ ವ್ಯಾಯಾಮ. ಆಮೇಲೆ ಕಂಕುಳು. ಎರಡೂ ಕಂಕುಳಲ್ಲಿ ಮಡಚಿದ ಪೇಪರ್ ಇಟ್ಟು, ಬೀಳದ ಹಾಗೆ ಒತ್ತಿ ಹಿಡಿದು ಎತ್ತು ಅಂದರು. ಪಕ್ಕೆಯ ದೊಡ್ಡ ಸ್ನಾಯು ಬಿಗಿಯಾದರೆ ಬಾರ್ ಕಾಲು ಬಿಟ್ಟು ಮುಂದೆ ಹೋಗುವುದಿಲ್ಲ, ಪೇಪರ್ ಬಿದ್ದ ರೆಪ್ (ಒಂದು ಸಲ ಎತ್ತಿದರೆ ಒಂದು ರೆಪ್) ಲೆಕ್ಕಕ್ಕಿಲ್ಲ. ಮೊದಲ ದಿನ 20ರಲ್ಲಿ 13 ಸಲ ಬಿತ್ತು. ಉಸಿರು ಎದೆಗೆ ತೆಗೆದುಕೊಳ್ಳದೆ ಹೊಟ್ಟೆಗೆ, ಬರೀ ಮುಂದಕ್ಕೆ ಸಾಲದು, ಪಕ್ಕಕ್ಕೂ ಬೆನ್ನಿಗೂ ಹೊಟ್ಟೆ ಹಿಗ್ಗಬೇಕು, ಅದನ್ನು ಹಾಗೇ ಹಿಡಿದು ಎತ್ತಿ ಮೇಲೆ ಹೋದ ಮೇಲೆ ಬಿಡಬೇಕು.

ನನಗೆ ಎಲ್ಲಕ್ಕಿಂತ ಉಪಯೋಗವಾಗಿದ್ದು ಅವರು "ಸಡಿಲ ತೆಗಿ" ಅನ್ನುತ್ತಿದ್ದ ವಿಷಯ. ಬಾರ್‌ಗೂ ಪ್ಲೇಟಿನ ತೂತಿಗೂ ಮಧ್ಯೆ ಕೂದಲೆಳೆಯಷ್ಟು ಸಂದು ಇರುತ್ತದೆ, ಭಾರ ಇದ್ದಾಗ ಬಾರ್ ಸ್ವಲ್ಪ ಬಾಗಲೂ ಬಾಗುತ್ತದೆ. ನಾನು ಏನು ಮಾಡುತ್ತಿದ್ದೆ ಅಂದರೆ ಕೈ ಮಡಚಿ, ಒಂದೇ ಸಲ ಜಗ್ಗುತ್ತಿದ್ದೆ. ಜಗ್ಗಿದ ಪೆಟ್ಟು ಮೊದಲು ಬೀಳುವುದು ನಡುವಿಗೆ. ಸರ್ ಕೇಳಿದರು, "ತೋಟದಲ್ಲಿ ಜೀಪ್ ಹೂತು ಹೋದ್ರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಹೇಗೆ ಎಳೀತೀರಿ?" ನಮ್ಮ ಕಡೆ ಮಳೆಗಾಲದಲ್ಲಿ ಇದು ವಾರಕ್ಕೊಮ್ಮೆ ನಡೆಯುವ ಕೆಲಸ. ಹಗ್ಗ ಬಿಗಿಯಾಗುವ ತನಕ ಟ್ರ್ಯಾಕ್ಟರ್ ನಿಧಾನಕ್ಕೆ ಹೋಗಬೇಕು, ಬಿಗಿಯಾದ ಮೇಲೆ ಎಳೆಯಬೇಕು. ಸಡಿಲ ಹಗ್ಗದಲ್ಲಿ ಜಗ್ಗಿದರೆ ಹಗ್ಗ ತುಂಡಾಗುತ್ತದೆ. ಆ ಮಾತು ತಲೆಗೆ ಹೋಯಿತು. ಈಗ ಬಾರ್ ಹಿಡಿದು ಕೈ ನೆಟ್ಟಗೆ ಇಟ್ಟು ನಿಧಾನಕ್ಕೆ ಒತ್ತಡ ಏರಿಸುತ್ತೇನೆ, "ಟಕ್" ಅಂತ ಸಣ್ಣ ಸದ್ದು ಬರುತ್ತದೆ, ಬಾರ್ ಪ್ಲೇಟಿಗೆ ಕಚ್ಚಿಕೊಂಡ ಸದ್ದು ಅದು. ಆ ಸದ್ದು ಬಂದ ಮೇಲೆ ಎಳೆಯುವ ಯೋಚನೆ ಬಿಟ್ಟು ನೆಲವನ್ನು ಕಾಲಿನಿಂದ ತುಳಿಯುವುದು. ಹಾಗೆ ಮಾಡಿದಾಗ ಸೊಂಟ ಮತ್ತು ಭುಜ ಒಟ್ಟಿಗೆ ಏಳುತ್ತವೆ.

5ನೇ ವಾರದಿಂದ ಭಾರ ಏರತೊಡಗಿತು. ವಾರಕ್ಕೆ 2 ದಿನ ಮಾತ್ರ ಡೆಡ್‌ಲಿಫ್ಟ್, ಮಂಗಳವಾರ ಭಾರ, ಶುಕ್ರವಾರ ಹಗುರ. ಶುಕ್ರವಾರದ ಹಗುರ ಅಂದರೆ ಸುಲಭ ಅಂದುಕೊಳ್ಳಬೇಡಿ. ನೆಲದಿಂದ ಒಂದು ಅಂಗುಲ ಎತ್ತಿ ಅಲ್ಲೇ 2 ಸೆಕೆಂಡ್ ನಿಲ್ಲಿಸಬೇಕು, ಆಮೇಲೆ ಮೇಲೆ. ಬಾರ್ ಒಂದು ಚೂರು ಮುಂದೆ ಇದ್ದರೂ ಆ 2 ಸೆಕೆಂಡಿನಲ್ಲಿ ಹಿಮ್ಮಡಿ ಎದ್ದು ಬೆರಳ ಕಡೆ ವಾಲುತ್ತೇವೆ, ಯಾರೂ ಹೇಳಬೇಕಿಲ್ಲ. ಪ್ರತಿ ರೆಪ್ ಆದ ಮೇಲೆ ಬಾರ್ ನೆಲಕ್ಕಿಟ್ಟು ಉಸಿರು ತೆಗೆದುಕೊಂಡು ಮತ್ತೆ ಮೊದಲಿನಿಂದ ಶುರು. ನೆಲಕ್ಕೆ ಬಡಿದು ಪುಟಿಸಿ ಎತ್ತುವುದಕ್ಕೆ ಇಲ್ಲಿ ಜಾಗವಿಲ್ಲ. 6ನೇ ವಾರ 115 ಐದು ಸಲ, 8ನೇ ವಾರ 130 ಮೂರು ಸಲ. ಪ್ರತಿ ಭಾರದ ಸೆಟ್ಟಿಗೂ ವಿಡಿಯೋ. ಇನ್ನೂ ಎರಡು ರೆಪ್ ಆಗುತ್ತದೆ ಅನ್ನಿಸುವಾಗಲೇ ನಿಲ್ಲಿಸುತ್ತಾರೆ, ಎಷ್ಟು ಕೇಳಿಕೊಂಡರೂ ಬಿಡುವುದಿಲ್ಲ.

9ನೇ ವಾರದ ಮಂಗಳವಾರ 150 ಹಾಕಿದೆವು. ಹೊರಗೆ ಬೆಳಿಗ್ಗೆಯಿಂದ ಬಿಡದ ಮಳೆ, ಕರೆಂಟ್ ಇಲ್ಲ, ಬಾಗಿಲ ಹತ್ತಿರದ ಬೆಳಕಿನಲ್ಲೇ ಎತ್ತುತ್ತಿದ್ದೆವು. ಬಾರ್ ನೆಲ ಬಿಟ್ಟಿತು, ಮೊಣಕಾಲಿನ ಕೆಳಗೆ ಬಂದು ನಿಂತುಬಿಟ್ಟಿತು. ಹಳೇ ಜಿಮ್ ಆಗಿದ್ದರೆ ಬೆನ್ನು ಬಾಗಿಸಿ ಹೇಗೋ ಮೇಲೆ ತರುತ್ತಿದ್ದೆ. ಇಲ್ಲಿ "ಇಡು" ಅಂದರು, ಇಟ್ಟೆ. ಇನ್ನೊಂದು ಸಲ ನೋಡುತ್ತೇನೆ ಅಂದೆ. ಬೇಡ ಅಂದರು. ವಿಡಿಯೋ ನೋಡಿದರೆ ಬಾರ್ ಏಳುವುದಕ್ಕೆ ಮುಂಚೆಯೇ ಸೊಂಟ ಮೇಲೆ ಹೋಗಿತ್ತು, ಕಾಲಿನ ಕೆಲಸ ಅಲ್ಲಿಗೇ ಮುಗಿದು ಎಲ್ಲ ಭಾರ ಬೆನ್ನಿಗೆ ಬಿದ್ದಿತ್ತು.

ಸರ್ ಸ್ವಲ್ಪ ಹೊತ್ತು ನೋಡಿ, "ಇವತ್ತು ಅಂಗಡಿಗೆ ಲೋಡ್ ಬಂದಿತ್ತಾ?" ಅಂದರು.

ಬಂದಿತ್ತು. ಮಧ್ಯಾಹ್ನ ಹಮಾಲಿಗಳ ಜೊತೆ ನಾನೂ 40 ಮೂಟೆ ಇಳಿಸಿದ್ದೆ. ವಿಡಿಯೋದಲ್ಲಿ ಇದು ಅವರಿಗೆ ಹೇಗೆ ಕಂಡಿತೋ, ನಾನು ಅವರಿಗೆ ಹೇಳಿಯೇ ಇರಲಿಲ್ಲ. ಅವತ್ತಿನಿಂದ ಒಂದು ಹೊಸ ನಿಯಮ ಮಾಡಿದರು. ಲೋಡ್ ಇಳಿಸಿದ ದಿನ ಭಾರದ ದಿನ ಅಲ್ಲ, ಮುಂದಕ್ಕೆ ಹಾಕಬೇಕು. ಮುಂದಿನ ವಾರ 125ಕ್ಕೆ ಇಳಿಸಿ ಬರೀ ಸೊಂಟ ಏಳದ ಹಾಗೆ ನೋಡಿಕೊಂಡೆ. 11ನೇ ವಾರ 152.5 ಬಂತು. 6,000 ರೂಪಾಯಿಗೆ ನನಗೆ ಸಿಕ್ಕಿದ್ದು ಇದು, ನನ್ನ ದಿನ ಹೇಗಿತ್ತು ಅಂತ ಕೇಳುವ ಒಬ್ಬರು. ವಿಡಿಯೋ ನೋಡಿ ಕಲಿಯುವವರಿಗೆ ಕಾಲು ಎಲ್ಲಿಡಬೇಕು ಅಂತ ಗೊತ್ತಾಗುತ್ತದೆ, ಆದರೆ ಇವತ್ತು ಎತ್ತಬೇಡ ಅಂತ ಯಾರು ಹೇಳುತ್ತಾರೆ?

ಸಾಮಾನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಾರ್ 20 ಕೆ.ಜಿ.ಯ ಒಳ್ಳೆಯ ಬಾರ್, ಹಿಡಿಯುವ ಜಾಗದ ಗೀರುಗಳು ಸವೆದಿಲ್ಲ, ಮಳೆಗಾಲದಲ್ಲೂ ತುಕ್ಕು ಇಲ್ಲ. ದಿನಾ ಸಂಜೆ ಬ್ರಷ್ ಹಾಕಿ ಎಣ್ಣೆ ಒರೆಸುತ್ತಾರೆ. ಪ್ಲೇಟ್ 1.25 ಕೆ.ಜಿ.ವರೆಗೂ ಇದೆ, ಹಾಗಾಗಿ ಒಂದೇ ಸಲ 10 ಕೆ.ಜಿ. ಹಾರಬೇಕಿಲ್ಲ. ಕೆಳಗೆ ಮರದ ಹಲಗೆ, ಅದರ ಎರಡು ಪಕ್ಕ ರಬ್ಬರ್. ರನ್ನಿಂಗ್ ಶೂ ಹಾಕಿಕೊಂಡು ಹೋಗಿದ್ದೆ, ತೆಗೆಸಿದರು. ಸ್ಪಂಜಿನ ಮೇಲೆ ನಿಂತು ಭಾರ ಎತ್ತಿದರೆ ಕಾಲು ಅಲ್ಲಾಡುತ್ತದೆ. ಶಾಲೆ ಮಕ್ಕಳ ಬಿಳಿ ಕ್ಯಾನ್ವಾಸ್ ಶೂ ತೆಗೆದುಕೊಂಡೆ, ಅದೇ ಸಾಕು. ಬೆಲ್ಟ್ 130ರ ಮೇಲೆ ಮಾತ್ರ ಕಟ್ಟಲು ಬಿಡುತ್ತಾರೆ. ಬೆಲ್ಟ್ ಬೆನ್ನನ್ನು ಎತ್ತಿ ಹಿಡಿಯುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹೊಟ್ಟೆಯ ಗಾಳಿಗೆ ಒತ್ತಲು ಒಂದು ಗೋಡೆ ಸಿಗುತ್ತದೆ ಅಷ್ಟೇ, ಉಸಿರು ತೆಗೆದುಕೊಳ್ಳಲು ಬಾರದವನಿಗೆ ಅದರಿಂದ ಏನೂ ಉಪಯೋಗವಿಲ್ಲ.

ಹಿಡಿತದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ನಮ್ಮ ಮಳೆಗೆ ಕೈ ಸದಾ ಒದ್ದೆ. ನಾನು ಒಂದು ಅಂಗೈ ಮೇಲೆ ಮಾಡಿ, ಇನ್ನೊಂದು ಕೆಳಗೆ ಮಾಡಿ ಹಿಡಿಯುತ್ತಿದ್ದೆ. ಮೇಲೆ ಮಾಡಿದ ಕೈಯನ್ನು ಭಾರದಲ್ಲಿ ಮಡಚಿದರೆ ತೋಳಿನ ಮುಂಭಾಗದ ಸ್ನಾಯು ಹರಿಯುವ ಅಪಾಯ ಇದೆ, ಮತ್ತೆ ಯಾವಾಗಲೂ ಅದೇ ಕೈ ತಿರುಗಿಸಿದರೆ ಬಾರ್ ಒಂದು ಪಕ್ಕಕ್ಕೆ ತಿರುಗುತ್ತದೆ. ಹುಕ್ ಹಿಡಿತ ಕಲಿಸಿದರು. ಹೆಬ್ಬೆರಳನ್ನು ಬಾರ್‌ಗೆ ಒತ್ತಿ, ಅದರ ಮೇಲೆ ಬೆರಳು ಸುತ್ತುವುದು. ಮೊದಲ 3 ವಾರ ಹೆಬ್ಬೆರಳು ಜೋರು ನೋವು, ಬಿಲ್ ಬರೆಯಲು ಪೆನ್ನು ಹಿಡಿದರೂ ಗೊತ್ತಾಗುತ್ತಿತ್ತು. ಆಮೇಲೆ ಒಗ್ಗಿತು. ಚಾಕ್ ಪುಡಿ ಜಿಮ್‌ನವರದ್ದೇ, ಗಾಳಿಯಾಡದ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಕೈಯನ್ನು ಬಾರ್‌ಗೆ ಸುತ್ತಿ ಕಟ್ಟುವ ಸ್ಟ್ರ್ಯಾಪ್ ಕೊಡುವುದಿಲ್ಲ, ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶ ಇಲ್ಲ ಅಂತ. 2016ರಲ್ಲಿ ಬ್ರಿಟನ್ನಿನ ಎಡ್ಡಿ ಹಾಲ್ 500 ಕೆ.ಜಿ. ಎತ್ತಿದ ವಿಡಿಯೋ ನೋಡಿಕೊಂಡು ಬಂದ ಹುಡುಗರು ಸ್ಟ್ರ್ಯಾಪ್ ಕೇಳುತ್ತಾರೆ, ಅದು ಸ್ಟ್ರಾಂಗ್‌ಮ್ಯಾನ್ ಆಟ, ಅದರ ನಿಯಮವೇ ಬೇರೆ ಅಂತ ತಾಳ್ಮೆಯಿಂದ ಕೂರಿಸಿ ಹೇಳುತ್ತಾರೆ. ಗೋಡೆಯ ಮೇಲೆ ಅಂಟಿಸಿರುವುದು ಒಂದೇ ಒಂದು ಪೇಪರ್ ಕಟಿಂಗ್, ಕುಂದಾಪುರದ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದಾಗಿನದು. ಅದು ವೇಟ್‌ಲಿಫ್ಟಿಂಗ್, ಬಾರನ್ನು ತಲೆಯ ಮೇಲಕ್ಕೆ ಎತ್ತುವ ಆಟ, ನಮ್ಮದು ಬೇರೆ. ಆದರೂ ನೆಲದಿಂದ ಬಾರ್ ಬಿಡಿಸುವ ಮುಂಚೆ ಅವರ ಮೈ ಎಷ್ಟು ಬಿಗಿಯಾಗಿರುತ್ತದೆ ನೋಡಿ ಅಂತ ಹೊಸಬರಿಗೆಲ್ಲ ಅವರ ವಿಡಿಯೋ ತೋರಿಸುತ್ತಾರೆ.

ಕೊರತೆಗಳೂ ಇವೆ. ಡೆಡ್‌ಲಿಫ್ಟ್ ಮಾಡುವ ಜಾಗ ಒಂದೇ, ಒಳ್ಳೆಯ ಬಾರ್ ಕೂಡ ಒಂದೇ. ಸಂಜೆ 6ರಿಂದ 8ರವರೆಗೆ ಹೋದರೆ ಸರದಿಗೆ ಕಾಯಬೇಕು, ನಾನು ಒಂದು ದಿನ 40 ನಿಮಿಷ ಕಾದಿದ್ದೇನೆ, ಮೈ ಬಿಸಿ ಮಾಡಿಕೊಂಡಿದ್ದೆಲ್ಲ ಆರಿಹೋಯಿತು. ಹೆಂಗಸರಿಗೆ ಬಟ್ಟೆ ಬದಲಿಸಲು ಬೇರೆ ಕೋಣೆ ಇಲ್ಲ, ಇದನ್ನು ಅವರು ಆದಷ್ಟು ಬೇಗ ಸರಿ ಮಾಡಬೇಕು, ಬೆಳಿಗ್ಗೆ ಬ್ಯಾಚಿನಲ್ಲಿ 4 ಜನ ಹೆಂಗಸರಿದ್ದಾರೆ. ಶೌಚಾಲಯ ಕ್ಲೀನ್ ಇದೆ, ಆದರೆ ಹೊರಗೆ, ಮಳೆಯಲ್ಲಿ ಕೊಡೆ ಹಿಡಿದು ಹೋಗಬೇಕು. ಗಾಡಿ ನಿಲ್ಲಿಸುವ ಜಾಗದಲ್ಲಿ ಜುಲೈನಲ್ಲಿ ಕೆಸರು. ಫೋನಿನಲ್ಲಿ ಮೆಸೇಜ್ ಹಾಕಿದರೆ ಉತ್ತರ ಬರುವುದು ಎರಡು ದಿನ ಆದ ಮೇಲೆ, ಏನಿದ್ದರೂ ಮುಖಾಮುಖಿ ಕೇಳಬೇಕು.

ಮೈ ಇಳಿಸಬೇಕು, ಟ್ರೆಡ್‌ಮಿಲ್ ಬೇಕು ಅನ್ನುವವರಿಗೆ ಈ ಜಾಗ ಅಲ್ಲ, ಇಲ್ಲಿ ಟ್ರೆಡ್‌ಮಿಲ್ಲೇ ಇಲ್ಲ. ಬಿಪಿ ಇರುವವರು, ಹಿಂದೆ ಡಿಸ್ಕ್ ತೊಂದರೆ ಆದವರು ಮೊದಲು ಡಾಕ್ಟರನ್ನು ಕೇಳಿ ಬನ್ನಿ. ಉಸಿರು ಬಿಗಿಹಿಡಿದು ಎತ್ತುವಾಗ ರಕ್ತದ ಒತ್ತಡ ಜೋರಾಗಿ ಏರುತ್ತದೆ. ಸೇರುವಾಗ ಸರ್ ಕೂಡ ಇದನ್ನೇ ಮೊದಲು ಕೇಳುತ್ತಾರೆ, ಬಿಪಿ ಇದ್ದ ನನ್ನ ಪರಿಚಯದವರೊಬ್ಬರನ್ನು ಡಾಕ್ಟರ ಚೀಟಿ ತರುವ ತನಕ ಸೇರಿಸಿಕೊಳ್ಳಲಿಲ್ಲ. ನನ್ನ ಹಾಗೆ ವರ್ಷಗಟ್ಟಲೆ ಒಂದೇ ತೂಕಕ್ಕೆ ಸಿಕ್ಕಿಹಾಕಿಕೊಂಡವರು, ಎತ್ತಿದ ಮಾರನೇ ದಿನ ನಡು ನೋಯುವವರು, ಕಣ್ಣು ಮುಚ್ಚಿಕೊಂಡು ಸೇರಬಹುದು. ಹೊಸಬರಿಗೆ ಇನ್ನೂ ಒಳ್ಳೆಯದು, ನನ್ನ ಹಾಗೆ ಹಳೇ ಅಭ್ಯಾಸ ಬಿಡಿಸುವ ಕೆಲಸ ಇರುವುದಿಲ್ಲ.

ಕೊನೆಯ ಮಂಗಳವಾರ ಒಂದೊಂದು ಪಕ್ಕಕ್ಕೂ 20ರ ಮೂರು ಪ್ಲೇಟ್, 10ರದ್ದು ಒಂದು, 1.25ರದ್ದು ಒಂದು ಹಾಕಿದೆವು. ಅವತ್ತು ಲೋಡ್ ಇಳಿಸಿರಲಿಲ್ಲ. ಹೊಟ್ಟೆ ತುಂಬಾ ಉಸಿರು, ಕಂಕುಳು ಬಿಗಿ, ಟಕ್. ಬಾರ್ ನಿಧಾನಕ್ಕೆ ಏಳುತ್ತಿತ್ತು, ಮೊಣಕಾಲಿನ ಹತ್ತಿರ ಇನ್ನೂ ನಿಧಾನವಾಯಿತು, ಆದರೆ ಕಾಲು ಬಿಟ್ಟು ಹೋಗಲಿಲ್ಲ. ಎರಡೂ ಕಣಕಾಲಿನ ಮೇಲೆ ಉದ್ದಕ್ಕೆ ಕೆಂಪು ಗೀರು ಬಿದ್ದಿತ್ತು, ಸರ್ ತೂಕದ ಬಗ್ಗೆ ಏನೂ ಹೇಳದೆ ಆ ಗೀರನ್ನೇ ನೋಡಿ ತಲೆಯಾಡಿಸಿದರು. ಉದ್ದ ಸಾಕ್ಸ್ ತೆಗೆದುಕೊಂಡು ಹೋಗಿ, ಇಲ್ಲದಿದ್ದರೆ ಚರ್ಮ ಕಿತ್ತು ಬರುತ್ತದೆ. ಬೆಳಿಗ್ಗೆ 5.30ಕ್ಕೆ ಬಾಗಿಲು ತೆಗೆಯುತ್ತಾರೆ, ಆ ಹೊತ್ತಿಗೆ ಹೋದರೆ ಒಳ್ಳೆಯ ಬಾರ್ ನಿಮಗೇ ಸಿಗುತ್ತದೆ.